ನಿಮ್ಮ ವಾದ್ಯ, ಅವರ ಕಛೇರಿ: ಓದುಗರ ಪ್ರಶ್ನೆಗಳಿಗೆ ಉತ್ತರ

ಮನೆಯಲ್ಲಿ ವಾದ್ಯಗಳನ್ನು ಜೋಪಾನ ಮಾಡುವ ಬಗ್ಗೆ ಕಳೆದ ಸಂಚಿಕೆಯಲ್ಲಿ ಬರೆದಿದ್ದೆ. ಅದಕ್ಕೆ ಬಂದ ಪತ್ರಗಳಲ್ಲಿ ಹೆಚ್ಚಿನವು ಎರವಲಿನ ವಿಷಯವೇ. ಕೊಟ್ಟು ಬೇಜಾರಾದವರೂ ಬರೆದಿದ್ದಾರೆ, ಕೇಳೋಕೆ ಹಿಂಜರಿಯುವವರೂ ಬರೆದಿದ್ದಾರೆ. ಈ ಸಲ ಅವಕ್ಕಷ್ಟೇ ಉತ್ತರ.

ಪ್ರಶ್ನೆ: ನಮ್ಮ ಬೀದಿಯ ಹುಡುಗಿ ಸ್ಪರ್ಧೆಗೆ ಬೇಕೆಂದು ನನ್ನ ವೀಣೆ ಕೇಳಿದಳು, ಕೊಟ್ಟೆ. ವಾಪಸ್ ಬಂದ ಮೇಲೆ ನುಡಿಸಿದರೆ ಮೇಲಿನ ಸ್ಥಾಯಿ ಪೂರ್ತಿ ಅಪಸ್ವರ. ಮಧ್ಯಾಹ್ನವಿಡೀ ಬಿಸಿಲಲ್ಲಿ ನಿಂತ ಕಾರಿನಲ್ಲೇ ಇತ್ತಂತೆ. ಕೇಳಿದರೆ ಅವಳ ತಾಯಿ 'ಮೊದಲೇ ಹಾಗಿತ್ತೇನೋ' ಅಂದುಬಿಟ್ಟರು. ದುಡ್ಡು ಕೇಳೋದಾ, ಬಿಡೋದಾ? ಕೊಟ್ಟವನು ಕೋಡಂಗಿ, ಇಸ್ಕೊಂಡವನು ವೀರಭದ್ರ ಅನ್ನೋದು ನಿಜ ಅನ್ನಿಸ್ತಿದೆ ಮೇಡಂ.
(ಗೃಹಿಣಿ, ಶಿವಮೊಗ್ಗ)

ಉತ್ತರ: ಕೇಳಿ. ಆದರೆ ಕೇಳುವ ಮೊದಲು ಏನಾಗಿದೆ ಅಂತ ತಿಳಿದುಕೊಳ್ಳಿ, ಆ ತಾಯಿಗೂ ತಿಳಿಸಿ.

ವೀಣೆಯ 24 ಮೆಟ್ಟಿಲುಗಳನ್ನು, ಅಂದರೆ ಸ್ವರ ಹಿಡಿಯಲು ತಂತಿ ಒತ್ತುವ ಅಡ್ಡಪಟ್ಟಿಗಳನ್ನು, ಮೊಳೆ ಹೊಡೆದು ಕೂರಿಸಿರುವುದಿಲ್ಲ. ಜೇನುಮೇಣಕ್ಕೆ ಇದ್ದಿಲು ಪುಡಿ ಬೆರೆಸಿ ಮಾಡಿದ ಕಪ್ಪು ಮೇಣದ ಮೇಲೆ ಒತ್ತಿ ಕೂರಿಸಿರುತ್ತಾರೆ. ಈ ಮೇಣ ಬಿಸಿಗೆ ಮೆತ್ತಗಾಗುತ್ತದೆ. ಕಿಟಕಿ ಮುಚ್ಚಿ ಬಿಸಿಲಲ್ಲಿ ನಿಲ್ಲಿಸಿದ ಕಾರಿನ ಒಳಗೆ ನಾವೇ ಕೂರಲಾರೆವು, ಇನ್ನು ಮೇಣ ಹೇಗೆ ತಡೆದೀತು? ಮೆಟ್ಟಿಲು ಒಂದು ಕಡೆ ಕುಸಿಯುತ್ತದೆ, ಇಲ್ಲವೇ ಚೂರು ಸರಿಯುತ್ತದೆ. ಮೇಲಿನ ಸ್ಥಾಯಿಯಲ್ಲಿ ಮೆಟ್ಟಿಲುಗಳು ಒತ್ತೊತ್ತಾಗಿ ಇರುವುದರಿಂದ ಅಲ್ಲಿ ಕೂದಲೆಳೆಯಷ್ಟು ಸರಿದರೂ ಕಿವಿಗೆ ಗೊತ್ತಾಗುತ್ತದೆ. ನಿಮ್ಮ ವೀಣೆಯಲ್ಲಿ ಮೊದಲು ಕೆಟ್ಟಿದ್ದೂ ಅದೇ ಜಾಗ, ಅಲ್ವಾ?

ಆದರೆ ಆ ತಾಯಿ ಹೇಳಿದ್ದು ಸುಳ್ಳೇ ಆಗಿರಬೇಕು ಅಂತಿಲ್ಲ. ಹಳೆಯ ಮೇಳ (ಮೇಣದ ಮೇಲೆ ಕೂರಿಸಿದ ಮೆಟ್ಟಿಲುಗಳ ಸಾಲು) ವರ್ಷ ಕಳೆದಂತೆ ತಾನಾಗಿಯೂ ಕುಸಿಯುತ್ತದೆ, ದಿನಾ ನುಡಿಸುವವರ ಕಿವಿ ಅದಕ್ಕೆ ಒಗ್ಗಿಹೋಗಿರುತ್ತದೆ. ಅದಕ್ಕೇ ನನ್ನ ಸಲಹೆ, ಇಬ್ಬರೂ ಒಟ್ಟಿಗೆ ಮೇಳ ಕಟ್ಟುವವರ ಹತ್ತಿರ ಹೋಗಿ. ಮೇಣ ಕರಗಿ ಹರಿದಿದ್ದರೆ ಅವರ ಕಣ್ಣಿಗೆ ಕೂಡಲೇ ಕಾಣುತ್ತದೆ. ಅವರ ಎದುರೇ ಮಾತು ಮುಗಿಯಲಿ. ಬಿಸಿಯಿಂದಲೇ ಹೀಗಾಗಿದೆ ಅಂದರೆ ಮೇಳ ಕಟ್ಟಿಸುವ ಖರ್ಚು ಅವರದ್ದು. ಮೇಳ ಮೊದಲೇ ಹಳೆಯದಾಗಿ ಹೇಗೂ ಕಟ್ಟಿಸಬೇಕಿತ್ತು ಅಂದರೆ ಅರ್ಧರ್ಧ ಹಂಚಿಕೊಳ್ಳಿ. ಮನೆಯಲ್ಲೇ ಮೇಣ ಬಿಸಿ ಮಾಡಿ ಸರಿಪಡಿಸುವ ಸಾಹಸಕ್ಕೆ ಮಾತ್ರ ಯಾರೂ ಹೋಗಬೇಡಿ.

ಕಾನೂನು ಏನು ಹೇಳುತ್ತದೆ ಅಂತಲೂ ಗೊತ್ತಿರಲಿ. ಕೋರ್ಟಿಗೆ ಹೋಗಿ ಅಂತಲ್ಲ, ನ್ಯಾಯ ಯಾವ ಕಡೆ ಇದೆ ಅಂತ ತಿಳಿಯೋಕೆ. 1872ರ ಭಾರತೀಯ ಒಪ್ಪಂದ ಕಾಯ್ದೆಯಲ್ಲಿ ಎರವಲಿಗೆ ಅಂತಲೇ ಸೆಕ್ಷನ್‌ಗಳಿವೆ. ಇಸ್ಕೊಂಡವರು ಆ ವಸ್ತುವನ್ನು, ತಮ್ಮದೇ ಆಗಿದ್ದರೆ ಒಬ್ಬ ಸಾಮಾನ್ಯ ತಿಳಿವಳಿಕೆಯವರು ಹೇಗೆ ನೋಡಿಕೊಳ್ಳುತ್ತಿದ್ದರೋ ಹಾಗೆ ನೋಡಿಕೊಳ್ಳಬೇಕು (ಸೆಕ್ಷನ್ 151). ಅಷ್ಟು ಜೋಪಾನ ಮಾಡಿಯೂ ಹಾಳಾದರೆ, ಬೇರೆ ಮಾತಾಗಿರದಿದ್ದಲ್ಲಿ, ಅವರು ಹೊಣೆಯಲ್ಲ (152). ನೀವು ಒಪ್ಪಿದ ಕೆಲಸ ಬಿಟ್ಟು ಬೇರೆಯದಕ್ಕೆ ಬಳಸಿದರೆ ಆ ಬಳಕೆಯಲ್ಲಿ ಆದ ನಷ್ಟ ಅವರದೇ (154). ಜೊತೆಗೆ ನಿಮಗೂ ಒಂದು ಜವಾಬ್ದಾರಿ ಇದೆ. ವಸ್ತುವಿನಲ್ಲಿ ನಿಮಗೆ ಗೊತ್ತಿರುವ ದೋಷವನ್ನು ಕೊಡುವಾಗಲೇ ಹೇಳಬೇಕು (150). 'ಈ ವೀಣೆಯ ಮೇಣ ಹಳೆಯದು, ಬಿಸಿಲಿಗೆ ಇಡಬೇಡಿ' ಅಂತ ನೀವು ಹೇಳಿದ್ದಿರಾ? ವೀಣೆ ನುಡಿಸುವ ಹುಡುಗಿಗೆ ಗೊತ್ತಿರಬಹುದು, ಕಾರು ಓಡಿಸಿದ ಅವಳ ಅಪ್ಪನಿಗೆ ಗೊತ್ತಿರಲಿಕ್ಕಿಲ್ಲ.

ಮುಂದಿನ ಸಲ ಹೀಗೆ ಮಾಡಿ. ಕೊಡುವ ದಿನ ಅವರ ಎದುರಿಗೇ ವೀಣೆಯನ್ನು ಶ್ರುತಿ ಮಾಡಿ, ಸಾರಣಿ ಅನ್ನುವ ಮುಖ್ಯ ತಂತಿಯ ಮೇಲೆ ಒಂದೊಂದೇ ಮೆಟ್ಟಿಲು ಒತ್ತುತ್ತಾ 24ನ್ನೂ ನುಡಿಸಿ, ಅದನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಕೊಡ, ಬುರುಡೆ, ತಂತಿ ಬಿಗಿಯುವ ಬಿರಡೆ, ತಂತಿಗಳನ್ನು ಹೊತ್ತ ಕುದುರೆ ಎಲ್ಲವನ್ನೂ ಒಂದು ಸುತ್ತು ವಿಡಿಯೋ ತೆಗೆದು ಅವರಿಗೂ ಕಳಿಸಿಬಿಡಿ. ವಾಪಸ್ ಬಂದಾಗ ಅವರ ಎದುರಿಗೇ ಮತ್ತೆ ನುಡಿಸಿ. ಇದರಲ್ಲಿ ಅನುಮಾನದ ಮಾತೇನಿಲ್ಲ. ಬಾಡಿಗೆ ಮನೆಗೆ ಹೋಗುವಾಗ ಗೋಡೆ, ನಲ್ಲಿ ನೋಡಿಕೊಳ್ಳುವುದಿಲ್ಲವೇ?

ಇದೊಂದು ಕಹಿಯಿಂದ ಕೊಡುವುದನ್ನೇ ನಿಲ್ಲಿಸಬೇಡಿ ಅಂತ ಕೇಳಿಕೊಳ್ಳುತ್ತೇನೆ. ಒಳ್ಳೆಯ ವೀಣೆ ಕೊಳ್ಳುವ ಶಕ್ತಿ ಎಷ್ಟೋ ಮನೆಗಳಿಗೆ ಇಲ್ಲ. ಆ ಹುಡುಗಿ ಅವತ್ತು ವೇದಿಕೆ ಹತ್ತಿದ್ದು ನೀವು ಕೊಟ್ಟಿದ್ದರಿಂದಲೇ.

ಪ್ರಶ್ನೆ: ನಾನು ಹಿಂದೂಸ್ತಾನಿ ಗಾಯನ ಕಲಿಯುತ್ತಿದ್ದೇನೆ. ಮೊದಲ ಕಾರ್ಯಕ್ರಮಕ್ಕೆ ಜೋಡಿ ತಂಬೂರಿ ಇಟ್ಟುಕೊಳ್ಳುವ ಆಸೆ. ಗುರುಗಳ ಹಿರಿಯ ಶಿಷ್ಯರೊಬ್ಬರ ಬಳಿ ಇವೆ. ಹೇಗೆ ಕೇಳಬೇಕು? ಇಲ್ಲ ಅಂದರೆ ಏನು ಮಾಡಲಿ?
(ವಿದ್ಯಾರ್ಥಿನಿ, ಧಾರವಾಡ)

ಉತ್ತರ: ಮೊದಲು ಅವರ ಶ್ರುತಿ ಕೇಳಮ್ಮ, ಆಮೇಲೆ ತಂಬೂರಿ ಕೇಳು. ಅವರು ಕಾಳಿ ಒಂದರಲ್ಲಿ (ಹಾರ್ಮೋನಿಯಂನ ಮೊದಲ ಕಪ್ಪು ಮನೆಯ ಶ್ರುತಿಯಲ್ಲಿ) ಹಾಡುವ ಗಂಡಸರಾಗಿದ್ದರೆ ಅವರ ತಂಬೂರಿಯ ತಂತಿ, ನಾದಕ್ಕೆ ಗುಂಗು ಕೊಡುವ ಜವಾರಿ ಎಲ್ಲ ಆ ಶ್ರುತಿಗೆ ಹೊಂದಿಸಿದ್ದು. ನೀನು ಕಾಳಿ ನಾಲ್ಕಕ್ಕೋ ಐದಕ್ಕೋ ಏರಿಸಹೊರಟರೆ ತಂತಿ ಕಡಿಯುತ್ತದೆ, ಕಡಿಯದಿದ್ದರೂ ಆ ಗುಂಯ್‌ಗುಡುವ ನಾದ ಬರುವುದಿಲ್ಲ. ತಂತಿ ಬದಲಿಸಿ ಹಾಡಿ, ಮತ್ತೆ ಹಳೆಯ ದಪ್ಪದ ತಂತಿಯನ್ನೇ ಹಾಕಿ ಕೊಡುತ್ತೇನೆ ಅನ್ನುವುದಕ್ಕೆ ಎಲ್ಲರೂ ಒಪ್ಪುವುದಿಲ್ಲ, ಒಪ್ಪಬೇಕು ಅಂತಲೂ ಇಲ್ಲ. ಕುದುರೆಯ ಮೇಲ್ಮೈಯನ್ನು ಉಜ್ಜಿ ಉಜ್ಜಿ ಜವಾರಿ ತೆರೆಯುವುದು ಕಾರೀಗರರ ಕೈಗುಣ. ಒಮ್ಮೆ ಕೆಟ್ಟರೆ ಅದೇ ನಾದ ವಾಪಸ್ ಬರುತ್ತದೆ ಅಂತ ಹೇಳಲಾಗುವುದಿಲ್ಲ.

ನಿಮ್ಮ ಕಡೆ ಹೆಚ್ಚಿನ ತಂಬೂರಿಗಳು ಮಹಾರಾಷ್ಟ್ರದ ಮಿರಜಿನವು. ಅಲ್ಲಿನ ಸಿತಾರ್ ಮತ್ತು ತಂಬೂರಿಗೆ 2024ರಲ್ಲಿ ಜಿಐ (ಭೌಗೋಳಿಕ ಸೂಚಕ) ಮಾನ್ಯತೆಯೂ ಸಿಕ್ಕಿದೆ. ಬುರುಡೆ ಒಡೆದರೆ ಮತ್ತೆ ಮಿರಜಿಗೇ ಕಳಿಸಬೇಕಾಗಬಹುದು. ಸೋರೆಬುರುಡೆ ಒಣಗಿದ ಕಾಯಿ, ತೆಳ್ಳಗಿನ ಗೋಡೆ. ಬಸ್ಸಿನಲ್ಲಿ ಯಾರದೋ ಮೊಣಕಾಲು ತಾಗಿದರೂ ಸೀಳು ಬಿಡುತ್ತದೆ. ಅದನ್ನು ಹೇಗೆ ಒಯ್ಯುತ್ತೀ, ರಾತ್ರಿ ಎಲ್ಲಿ ಇಡುತ್ತೀ, ವೇದಿಕೆ ಮೇಲೆ ಯಾರು ಹಿಡಿದು ಕೂರುತ್ತಾರೆ, ಈ ಮೂರಕ್ಕೂ ಉತ್ತರ ಸಿದ್ಧ ಮಾಡಿಕೊಂಡೇ ಹೋಗು. 'ಸರ್, ಶನಿವಾರ ಬೆಳಗ್ಗೆ ಅಣ್ಣನ ಜೊತೆ ಬಂದು ಗವಸಿನ ಸಮೇತ ಒಯ್ಯುತ್ತೇನೆ, ಭಾನುವಾರ ಸಂಜೆ ತಂದುಕೊಡುತ್ತೇನೆ, ಏನಾದರೂ ಆದರೆ ರಿಪೇರಿ ನನ್ನದು' ಅಂತ ಒಂದೇ ಉಸಿರಿಗೆ ಹೇಳಿದರೆ ಕೊಡುವವರಿಗೆ ಧೈರ್ಯ ಬರುತ್ತದೆ. 'ಸುಮ್ನೆ ಎರಡು ದಿನ ಕೊಡಿ ಸರ್' ಅಂದರೆ ಯಾರಿಗೇ ಆದರೂ ಎದೆ ಡವಡವ ಅನ್ನುತ್ತದೆ. ಗುರುಗಳಿಂದ ಹೇಳಿಸಬೇಡ. ಗುರುಗಳು ಹೇಳಿದರೆ ಅವರಿಗೆ ಇಲ್ಲ ಅನ್ನಲು ಆಗುವುದಿಲ್ಲ, ಒಲ್ಲದ ಮನಸ್ಸಿಂದ ಕೊಡುತ್ತಾರೆ. ನೀನೇ ಹೋಗಿ ಕೇಳು. ಇಲ್ಲ ಅಂದರೆ ನಮಸ್ಕಾರ ಮಾಡಿ ಬಾ, ಮನಸ್ಸಿಗೆ ಹಚ್ಚಿಕೊಳ್ಳಬೇಡ. ಎಲೆಕ್ಟ್ರಾನಿಕ್ ತಂಬೂರಿ ಇಟ್ಟುಕೊಂಡು ಚೆನ್ನಾಗಿ ಹಾಡಿದವರು ಬೇಕಾದಷ್ಟು ಜನ ಇದ್ದಾರೆ.

ಪ್ರಶ್ನೆ: ನಾನು ಯಕ್ಷಗಾನ ಮೇಳದಲ್ಲಿ ಮದ್ದಳೆ ಬಾರಿಸುವವ. ಮಳೆಗಾಲ ಬಂತೆಂದರೆ ಊರಿನ ತಾಳಮದ್ದಳೆಯವರು ನನ್ನ ಮದ್ದಳೆ, ಚೆಂಡೆ ಕೇಳುತ್ತಾರೆ. ಗುರುತಿನವರೇ, ಇಲ್ಲ ಅನ್ನಲು ಆಗುವುದಿಲ್ಲ. ಏನು ಮಾಡುವುದು?
(ಹಿಮ್ಮೇಳದವರು, ಕುಂದಾಪುರ ತಾಲ್ಲೂಕು)

ಉತ್ತರ: ಮೇ ತಿಂಗಳ ಕೊನೆಗೆ, ಕರಾವಳಿಯ ಪತ್ತನಾಜೆ ಆಚರಣೆಯ ಹೊತ್ತಿಗೆ ಮೇಳಗಳು ಗೆಜ್ಜೆ ಬಿಚ್ಚಿ ತಿರುಗಾಟ ಮುಗಿಸುತ್ತವೆ, ಹಿಮ್ಮೇಳದವರ ವಾದ್ಯಗಳೆಲ್ಲ ಮನೆಗೆ ಬರುತ್ತವೆ. ಸರಿಯಾಗಿ ಆಗಲೇ, ವೇಷವಿಲ್ಲದೆ ಕೂತು ನಡೆಸುವ ತಾಳಮದ್ದಳೆಯ ಕಾಲ ಶುರು. ಹಾಗಾಗಿ ಅವರು ಕೇಳುವುದು ಸಹಜ. ತೊಂದರೆ ಏನೆಂದರೆ ಚರ್ಮದ ವಾದ್ಯಕ್ಕೆ ಅತಿ ಕೆಟ್ಟ ಕಾಲವೂ ಅದೇ. ತೇವಕ್ಕೆ ಮುಚ್ಚಿಗೆ (ಬಾಯಿಗೆ ಹೊದಿಸಿದ ಚರ್ಮ) ಸಡಿಲಾಗುತ್ತದೆ. ಶ್ರುತಿ ಇಳಿಯಿತೆಂದು ಅವರು ಬಾರು ಬಿಗಿಯುತ್ತಾರೆ, ಬೆಂಕಿಯ ಹತ್ತಿರ ಹಿಡಿಯುತ್ತಾರೆ. ಮರುದಿನ ಬಿಸಿಲು ಬಿದ್ದರೆ ಅದೇ ಚರ್ಮ ಎಳೆದುಕೊಂಡು ಹರಿಯುತ್ತದೆ. ಜೊತೆಗೆ ನಿಮ್ಮ ಮೇಳದಲ್ಲಿ ಹಾಡುವ ಭಾಗವತರ ಶ್ರುತಿ ಕಪ್ಪು ಎರಡಕ್ಕೆ ಕೂರಿಸಿದ ಮದ್ದಳೆಯನ್ನು ಅಲ್ಲಿನ ಭಾಗವತರ ಬಿಳಿ ನಾಲ್ಕಕ್ಕೆ ಏರಿಸಿದರೆ ಮುಚ್ಚಿಗೆಯ ಆಯುಷ್ಯ ಅಲ್ಲಿಗೆ ಮುಗಿಯಿತು.

ಮೇಳದ ಮದ್ದಳೆಯನ್ನು ಕೊಡಬೇಡಿ. ಅದು ನಿಮ್ಮ ಅನ್ನದ ಪಾತ್ರೆ. ಹಳೆಯದೊಂದು ಮದ್ದಳೆಗೆ ಮುಚ್ಚಿಗೆ ಹಾಕಿಸಿ, ಊರಿಗೆ ಕೊಡುವುದಕ್ಕೆಂದೇ ಬೇರೆ ಇಡಿ. ಅದರ ಮುಚ್ಚಿಗೆಯ ಖರ್ಚನ್ನು ತಾಳಮದ್ದಳೆ ಸಂಘದವರೇ ಕೊಡಲಿ. ವರ್ಷಾವರ್ಷ ಒಯ್ಯುವವರಿಗೆ ಇಷ್ಟು ಹೇಳುವುದರಲ್ಲಿ ತಪ್ಪಿಲ್ಲ, ಹೇಳಿದರೆ ಅವರೂ ಒಪ್ಪುತ್ತಾರೆ. ಚೆಂಡೆಯ ಕೋಲು ಅವರೇ ತರಲಿ. ಇನ್ನೂ ಒಳ್ಳೆಯದೆಂದರೆ ಮದ್ದಳೆಯ ಜೊತೆ ನೀವೂ ಹೋಗಿ ಬಾರಿಸಿ. ಮಳೆಗಾಲದಲ್ಲಿ ನಾಲ್ಕು ಕಾಸು ಬಂದ ಹಾಗೂ ಆಯಿತು, ವಾದ್ಯ ಕಣ್ಣೆದುರೇ ಇದ್ದ ಹಾಗೂ ಆಯಿತು.

ಪ್ರಶ್ನೆ: ನಮ್ಮದು ಚಿಕ್ಕ ಬ್ಯಾಂಡ್. ಗಣೇಶನ ಹಬ್ಬದಿಂದ ರಾಜ್ಯೋತ್ಸವದವರೆಗೆ ಆರ್ಕೆಸ್ಟ್ರಾ ಗೆಳೆಯರು ಕೀಬೋರ್ಡ್, ಮೈಕ್, ಗಿಟಾರ್ ಪೆಡಲ್ ಎಲ್ಲ ಕೇಳಿ ಒಯ್ಯುತ್ತಾರೆ. ಈ ಸಲ ಒಂದು ಪೆಡಲ್ ಸುಟ್ಟು ಬಂತು. 'ಆನ್ ಮಾಡಿದ್ದಷ್ಟೇ ಮಚ್ಚಾ' ಅಂತಾನೆ. ಸ್ನೇಹಿತರ ಹತ್ತಿರ ಬಾಡಿಗೆ ತಗೋಬಹುದಾ?
(ಗಿಟಾರ್ ನುಡಿಸುವವರು, ಬೆಂಗಳೂರು)

ಉತ್ತರ: ಅವನು ನಿಜ ಹೇಳುತ್ತಿರಬಹುದು. ಬೇರೆ ಅಡಾಪ್ಟರ್ ಚುಚ್ಚಿ ಆನ್ ಮಾಡಿದ್ದಕ್ಕೇ ಸುಟ್ಟಿರುತ್ತದೆ. ಗಿಟಾರಿನ ನಾದ ಬದಲಿಸುವ ಈ ಪೆಡಲ್‌ಗಳಿಗೆ ಸಾಮಾನ್ಯವಾಗಿ 9 ವೋಲ್ಟ್, ಪಿನ್ನಿನ ನಡುಭಾಗ ಮೈನಸ್. ಯಮಹಾದ ಮನೆಬಳಕೆ ಕೀಬೋರ್ಡುಗಳ ಅಡಾಪ್ಟರ್ ಹೆಚ್ಚಾಗಿ 12 ವೋಲ್ಟ್, ನಡುಭಾಗ ಪ್ಲಸ್. ವೇದಿಕೆಯ ಹಿಂದಿನ ಕತ್ತಲಲ್ಲಿ ಎರಡೂ ಒಂದೇ ಥರ ಕಪ್ಪು ಡಬ್ಬಿ, ಒಂದೇ ಥರ ಪಿನ್. ಅದಲು ಬದಲಾದರೆ ಮುಗಿಯಿತು. ಆದ್ದರಿಂದ ಅಡಾಪ್ಟರ್ ಇಲ್ಲದೆ ಯಾವ ಸಾಮಾನನ್ನೂ ಕೊಡಬೇಡಿ, ಅಡಾಪ್ಟರ್ ಮೇಲೆ ಬಿಳಿ ಟೇಪ್ ಅಂಟಿಸಿ ಅದು ಯಾವುದಕ್ಕೆ ಅಂತ ದಪ್ಪಕ್ಷರದಲ್ಲಿ ಬರೆಯಿರಿ. ಕೇಬಲ್‌ಗಳಿಗೂ ನಿಮ್ಮದೇ ಬಣ್ಣದ ಟೇಪ್ ಸುತ್ತಿ. ಕಾರ್ಯಕ್ರಮ ಮುಗಿದ ಮೇಲೆ ಮಧ್ಯರಾತ್ರಿ ಸಾಮಾನು ಕಟ್ಟುವಾಗ ಸೌಂಡ್‌ನವರ ಡಬ್ಬಿಗೆ ಹೋಗುವುದು ಮೊದಲು ಕೇಬಲ್ಲೇ. ಮೈಕ್ ವಾಪಸ್ ಬಂದಾಗ ಅದರ ಜಾಲರಿ ತಿರುಗಿಸಿ ಬಿಚ್ಚಿ ತೊಳೆದು, ಪೂರ್ತಿ ಒಣಗಿಸಿ ಹಾಕಿ. ಯಾರ್ಯಾರದೋ ಎಂಜಲು ಬಿದ್ದಿರುತ್ತದೆ.

ಬಾಡಿಗೆ ಖಂಡಿತ ತಗೊಳ್ಳಿ. ನನ್ನ ಲೆಕ್ಕ ಇಷ್ಟು: ಕಲಿಯುವವರಿಗೆ ಪುಕ್ಕಟೆ ಕೊಡಿ, ಆ ಸಾಮಾನಿನಿಂದ ದುಡ್ಡು ದುಡಿಯುವವರಿಂದ ಬಾಡಿಗೆ ತಗೊಳ್ಳಿ. ಪೆಂಡಾಲಿನವನಿಗೆ, ಲೈಟಿನವನಿಗೆ, ಗಾಡಿಯವನಿಗೆ ಎಲ್ಲರಿಗೂ ಕೊಡುವ ಆರ್ಕೆಸ್ಟ್ರಾ, ಕೀಬೋರ್ಡ್ ಕೊಟ್ಟ ಗೆಳೆಯನಿಗೆ ಮಾತ್ರ ಟೀ ಕುಡಿಸಿ ಕಳಿಸುವುದು ಯಾವ ನ್ಯಾಯ? ದುಡ್ಡಿನ ಮಾತು ಬಾಯಲ್ಲಿ ಬರುವುದಿಲ್ಲ ಅಂದರೆ ವಾಟ್ಸ್‌ಆಪ್‌ನಲ್ಲಿ ಬರೆಯಿರಿ. ಏನೇನು ಕೊಟ್ಟಿದ್ದೀರಿ, ಯಾವತ್ತು ವಾಪಸ್, ಎಷ್ಟು, ಹಾಳಾದರೆ ಯಾರು ಹೊಣೆ. 'ಸರಿ' ಅಂತ ಉತ್ತರ ಬಂದ ಮೇಲೆ ಸಾಮಾನು ಹೊರಗೆ ಹೋಗಲಿ. ವಿಮೆ ಮಾಡಿಸಿದ್ದರೆ, ಬೇರೆಯವರ ಕೈಯಲ್ಲಿದ್ದಾಗಲೂ ಅನ್ವಯ ಆಗುತ್ತದಾ ಅಂತ ಕಂಪನಿಯಿಂದ ಬರಹದಲ್ಲೇ ಕೇಳಿ ಇಟ್ಟುಕೊಳ್ಳಿ.

ಇನ್ನೊಂದು ಮಾತು, ಇದು ನಿಮ್ಮ ಹಾಗೆ ಧಾರಾಳವಾಗಿ ಕೊಡುವವರಿಗೆ. ಪುಕ್ಕಟೆ ಕೊಟ್ಟಿದ್ದನ್ನು ಹೇಳಿದ ದಿನಕ್ಕಿಂತ ಮೊದಲೇ ವಾಪಸ್ ಕೇಳುವ ಹಕ್ಕು ಕಾನೂನಿನಲ್ಲಿ ಇದೆ. ಆದರೆ ನಿಮ್ಮ ಮಾತು ನಂಬಿ ಅವರು ಕಾರ್ಯಕ್ರಮ ಒಪ್ಪಿಕೊಂಡಿದ್ದು, ನೀವು ನಡುವೆ ಕಿತ್ತುಕೊಂಡಿದ್ದರಿಂದ ಅವರಿಗೆ ಆದ ನಷ್ಟ ಲಾಭಕ್ಕಿಂತ ಜಾಸ್ತಿಯಾದರೆ ಆ ವ್ಯತ್ಯಾಸ ನೀವು ತುಂಬಿಕೊಡಬೇಕು (ಅದೇ ಕಾಯ್ದೆಯ ಸೆಕ್ಷನ್ 159). ಸಿಟ್ಟಿನಲ್ಲಿ ಕಾರ್ಯಕ್ರಮದ ಹಿಂದಿನ ದಿನ ಫೋನ್ ಮಾಡಿ 'ತಂದುಕೊಡು' ಅನ್ನಬೇಡಿ.

ಪ್ರಶ್ನೆ: ಕೊಳಲು ಕೊಡಬಹುದಾ?
(ವಿದ್ಯಾರ್ಥಿ, ತುಮಕೂರು)

ಉತ್ತರ: ಬೇಡಪ್ಪ. ಬಾಯಿಗಿಡುವ ವಾದ್ಯ. ಕಲಿಯುವವರ ಕೊಳಲಿಗೆ ಅಷ್ಟೇನೂ ಬೆಲೆಯಿಲ್ಲ, ಅವನಿಗೆ ಬೇಕಾದ ಶ್ರುತಿಯದೊಂದು ಕೊಡಿಸಿಬಿಡು.

ಪ್ರಶ್ನೆ: ಅಜ್ಜಿಯ ಕಾಲದ ಮೈಸೂರು ವೀಣೆ ನಮ್ಮಲ್ಲಿದೆ. ಅಮೆರಿಕದಲ್ಲಿರುವ ನಾದಿನಿಯ ಮಗಳು ಅಲ್ಲಿ ಪಾಠಕ್ಕೆ ಸೇರಿದ್ದಾಳೆ, ಎರಡು ವರ್ಷಕ್ಕೆ ಒಯ್ಯುತ್ತೇನೆ ಅನ್ನುತ್ತಾಳೆ. ವೀಣೆಯ ಮೇಲೆ ಬಿಳಿ ಕುಸುರಿ ಕೆಲಸ ಇದೆ. ಕಳಿಸಲೇ?
(ಓದುಗರು, ಮೈಸೂರು)

ಉತ್ತರ: ಆ ಬಿಳಿ ಕೆಲಸ ಯಾವುದರದು ಅಂತ ಮೊದಲು ತಿಳಿದವರಿಗೆ ತೋರಿಸಿ. ಈಗಿನ ವೀಣೆಗಳಲ್ಲಿ ಪ್ಲಾಸ್ಟಿಕ್ ಇರುತ್ತದೆ. ಅಜ್ಜಿಯ ಕಾಲದ್ದಾದರೆ ಆನೆದಂತವೇ ಇದ್ದೀತು. ಏಷ್ಯಾದ ಆನೆ 1975ರಿಂದಲೂ ಅಳಿವಿನಂಚಿನ ಜೀವಿಗಳ ವ್ಯಾಪಾರದ ಬಗೆಗಿನ ಸೈಟಿಸ್ ಎಂಬ ಅಂತರರಾಷ್ಟ್ರೀಯ ಒಪ್ಪಂದದ ಮೊದಲ, ಅತಿ ಬಿಗಿಯಾದ ಪಟ್ಟಿಯಲ್ಲಿದೆ, ನಮ್ಮ ವನ್ಯಜೀವಿ ಕಾಯ್ದೆಯೂ ದಂತದ ವಿಷಯದಲ್ಲಿ ಬಹಳ ಬಿಗಿ. ವಿಮಾನ ನಿಲ್ದಾಣದಲ್ಲಿ ವೀಣೆ ಮುಟ್ಟುಗೋಲಾದರೆ ಅಜ್ಜಿಯ ವೀಣೆಯೂ ಹೋಯಿತು, ಹುಡುಗಿಯ ಮೇಲೆ ಕೇಸೂ ಬಿತ್ತು. ದಂತ ಅಂತ ಸಂಶಯ ಇದ್ದರೂ ಕಳಿಸಬೇಡಿ. ಜಿಂಕೆ ಕೊಂಬಿನ ಕೆಲಸಕ್ಕೂ ಇದೇ ಮಾತು.

ಅವಳಿಗೆ ಇಲ್ಲಿಂದ ಹೊಸ ವೀಣೆ ಒಯ್ಯಲು ಹೇಳಿ, ಆರಿಸುವಾಗ ಜೊತೆಗೆ ಹೋಗಿ. ಎರಡು ಭಾಗವಾಗಿ ಬಿಚ್ಚಿ ಜೋಡಿಸುವ ವೀಣೆಗಳೂ ಸಿಗುತ್ತವೆ, ಪ್ರಯಾಣಕ್ಕೆ ಅವು ಅನುಕೂಲ. ರಜೆಗೆ ಬಂದಾಗ ಅಜ್ಜಿಯ ವೀಣೆಯನ್ನು ಅವಳಿಗೇ ಬಿಟ್ಟುಕೊಡಿ, ನಿಮ್ಮ ಮನೆಯಲ್ಲೇ ಕೂತು ನುಡಿಸಲಿ. ಅವಳು ಬರುವ ಹೊತ್ತಿಗೆ ಮೇಳ ಕಟ್ಟಿಸಿ, ತಂತಿ ಬದಲಿಸಿ ಇಟ್ಟಿರಿ.