ಜಪಾನೀಯರ "ಹೈ" ನಮ್ಮ ಹೂಂ ಇದ್ದ ಹಾಗೆ

"ನಗೋಯಾಕ್ಕೆ ಬಂದು ಮೂರು ತಿಂಗಳಾಯಿತು ಅಕ್ಕಾ. ಮೀಟಿಂಗ್‌ನಲ್ಲಿ ನಾನು ಹೇಳಿದ್ದಕ್ಕೆಲ್ಲ ತಲೆ ಆಡಿಸಿ 'ಹೈ, ಹೈ' ಅಂತಾರೆ. ಆಮೇಲೆ ಏನೂ ಆಗುವುದಿಲ್ಲ. ಇವರಿಗೆ ನನ್ನ ಮೇಲೆ ನಂಬಿಕೆ ಬರುವುದು ಯಾವಾಗ?" ಅಂತ ಕೇಳಿದ್ದೀಯ. ನಾನು ಜಪಾನಿಗೆ ಬಂದು 16 ವರ್ಷ ಆಯಿತು. ಮೊದಲ ವರ್ಷ ನನಗೂ ಇದೇ ಸಂಕಟ ಇತ್ತು ತಮ್ಮಾ.

ಅಜ್ಜಿ ಕಥೆ ಹೇಳುವಾಗ ನಾವು ಹೂಂಗುಟ್ಟುತ್ತಿದ್ದೆವು ಅಲ್ವಾ? ಹೂಂ ನಿಂತರೆ ಕಥೆಯೂ ನಿಲ್ಲುತ್ತಿತ್ತು. "ಹೈ" ಅಂದರೆ ಹೌದು ಅಂತ ಅರ್ಥ, ಆದರೆ ಇವರ "ಹೈ" ಎಷ್ಟೋ ಸಲ ಆ ಹೂಂ. ಕೇಳಿಸಿಕೊಳ್ಳುತ್ತಿದ್ದೇನೆ, ಮುಂದೆ ಹೇಳಿ ಅಂತ ಅಷ್ಟೆ. ಒಪ್ಪಿದೆ ಅಂತ ಅಲ್ಲ. "ಮುಜುಕಶೀ ದೆಸು ನೆ", ಅಂದರೆ "ಕಷ್ಟ ಅಲ್ವಾ" ಅಂತ ಯಾರಾದರೂ ಅಂದರೆ, ಸಾಮಾನ್ಯವಾಗಿ ಅದು ಆಗುವುದಿಲ್ಲ ಅಂತಲೇ. ನಿನ್ನ ಮುಖದ ಮೇಲೆ ಹೊಡೆದ ಹಾಗೆ ಹೇಳಲು ಅವರಿಗೆ ಮನಸ್ಸು ಬರುವುದಿಲ್ಲ.

ಒಪ್ಪಿಗೆ ಪಡೆಯುವುದಕ್ಕೆ ಇಲ್ಲಿ ಬೇರೆಯೇ ದಾರಿ. ಅದನ್ನು ನೆಮವಾಶಿ ಅನ್ನುತ್ತಾರೆ. "ನೆ" ಅಂದರೆ ಬೇರು. ಇದು ಮೂಲದಲ್ಲಿ ತೋಟಗಾರರ ಮಾತು. ದೊಡ್ಡ ಮರವನ್ನು ಬೇರೆ ಕಡೆ ನೆಡಬೇಕಾದರೆ ಒಂದೇ ಸಲ ಕೀಳುವುದಿಲ್ಲ. ತಿಂಗಳುಗಟ್ಟಲೆ ಮೊದಲೇ ಸುತ್ತ ಅಗೆದು, ಬೇರು ಸವರಿ, ಬುಡದಲ್ಲಿ ಹೊಸ ಎಳೆ ಬೇರು ಒಡೆಯುವವರೆಗೆ ಕಾಯುತ್ತಾರೆ. ಆಫೀಸಿನಲ್ಲೂ ಹಾಗೇ. ಮೀಟಿಂಗ್‌ಗೆ ಮೊದಲೇ ಒಬ್ಬೊಬ್ಬರ ಹತ್ತಿರ ಹೋಗಿ ಮಾತಾಡಬೇಕು. ಅಲ್ಲಿ ಒಪ್ಪಿದ್ದಕ್ಕೆ ಮೀಟಿಂಗ್‌ನಲ್ಲಿ ಮುದ್ರೆ ಬೀಳುತ್ತದೆ.

ನಾನು ಇದು ತಿಳಿಯದೆ ಬಿಡಿಭಾಗಗಳ ತಪಾಸಣೆಗೆ ಒಂದು ಹೊಸ ಸಾಫ್ಟ್‌ವೇರ್ ತಯಾರು ಮಾಡಿ ನೇರ ಮೀಟಿಂಗ್‌ನಲ್ಲೇ ತೋರಿಸಿದ್ದೆ. ಎಲ್ಲರೂ ಸುಮ್ನೆ ಕೂತರು. "ಪರಿಶೀಲಿಸುತ್ತೇವೆ" ಅಂದರು. ಅಲ್ಲಿಗೆ ಮುಗಿಯಿತು. ಆಮೇಲೆ ಹಿರಿಯ ಸಹೋದ್ಯೋಗಿಯೊಬ್ಬರು ಕೇಳಿದರು: "ತಪಾಸಣೆ ಮಾಡುವವರ ಹತ್ತಿರ ಮಾತಾಡಿದ್ದೀಯಾ?" ಇರಲಿಲ್ಲ. ಮರುದಿನದಿಂದ ತಪಾಸಣೆ ಮಾಡುವವರ ಪಕ್ಕ ಹೋಗಿ ನಿಂತೆ. ನನ್ನ ಸಾಫ್ಟ್‌ವೇರ್ ಮಾತು ಎತ್ತಲಿಲ್ಲ, ಕೆಲಸ ತೋರಿಸಿಕೊಡಿ ಅಂದೆ. ಅವರು ಎಷ್ಟೋ ವರ್ಷಗಳಿಂದ ಕೈಯಲ್ಲೇ ಬರೆದಿಟ್ಟ ನೋಟ್‌ಬುಕ್ ತೆಗೆದರು. ಯಾವ ಋತುವಿನಲ್ಲಿ ಯಾವ ಭಾಗ ಕೈಕೊಡುತ್ತದೆ ಅಂತ ಅದರಲ್ಲಿತ್ತು. ನನ್ನ ಸಾಫ್ಟ್‌ವೇರ್‌ನಲ್ಲಿ ಅದಕ್ಕೆ ಜಾಗವೇ ಇರಲಿಲ್ಲ. ಹೊಸದನ್ನು ಕಂಡರೆ ಅವರಿಗೆ ಆಗುವುದಿಲ್ಲ ಅಂದುಕೊಂಡಿದ್ದೆ. ನಿಜವಾಗಿ ಅವರ ಚಿಂತೆ ಬೇರೆ. ಒಂದು ಕೆಟ್ಟ ಭಾಗ ಕಣ್ತಪ್ಪಿ ಹೋದರೆ ಮುಂದಿನ ವಿಭಾಗದವರಿಗೆ ಉತ್ತರ ಹೇಳಬೇಕಾದವರು ಅವರೇ. ಆ ನೋಟ್‌ಬುಕ್ಕಿನಲ್ಲಿ ಇದ್ದದ್ದನ್ನೆಲ್ಲ ಸೇರಿಸಿದೆ. ಮೂರು ತಿಂಗಳು ಹಳೆಯದು ಹೊಸದು ಎರಡೂ ಜೊತೆಗೆ ನಡೆಯಲಿ ಅಂದೆ. ಮುಂದಿನ ಮೀಟಿಂಗ್ ಹತ್ತೇ ನಿಮಿಷದಲ್ಲಿ ಮುಗಿಯಿತು. ನನ್ನ ಪರವಾಗಿ ಮಾತಾಡಿದ್ದು ಅವರೇ.

ಇದನ್ನು ಜನರನ್ನು ಒಲಿಸಿಕೊಳ್ಳುವ ಉಪಾಯ ಅಂತ ಮಾತ್ರ ತಿಳಿಯಬೇಡ. ಕೆಲಸ ಆಗಲಿ ಅಂತ ಕೇಳಿದ ಹಾಗೆ ನಟಿಸಿದರೆ ಅವರಿಗೆ ಗೊತ್ತಾಗುತ್ತದೆ. ನಿನ್ನ ಯೋಚನೆಯೇ ತಪ್ಪು ಅಂತ ತಿಳಿಯುವ ಸಾಧ್ಯತೆಯೂ ಇಟ್ಟುಕೊಂಡು ಹೋಗಬೇಕು. ಇನ್ನೊಂದು, ಕೆಟ್ಟ ಸುದ್ದಿ ಇದ್ದರೆ ಬೇಗ ಹೇಳು. ಬರುವುದು ಐದು ನಿಮಿಷ ತಡ ಆಗುವುದಾದರೂ ಮೊದಲೇ ತಿಳಿಸು.

ಈ ವಾರ ಒಂದು ಕೆಲಸ ಮಾಡು. ನಿನ್ನ ಸಲಹೆಯಿಂದ ಯಾರಿಗೆ ಕೆಲಸ ಜಾಸ್ತಿ ಆಗುತ್ತದೆ ಅಂತ ನೋಡು. ಅವರ ಹತ್ತಿರ ಮೊದಲು ಹೋಗು. ಜಪಾನೀ ಭಾಷೆ ಸಾಲದಿದ್ದರೆ ಕಾಗದದ ಮೇಲೆ ಚಿತ್ರ ಬರೆದು ಕೇಳು. ಏನಂದರು ಅಂತ ನನಗೆ ಬರೆ.