ಅಜ್ಜಿಯ ಓಲೆಯ ಕೆಂಪು ಬರ್ಮಾದ್ದೇ ಇರಬಹುದಾ?

ಅಜ್ಜಿಯ ಓಲೆಯ ಕಲ್ಲು ಬಿಸಿಲಲ್ಲಿ ಕೆಂಡದಂತೆ ಹೊಳೆಯುತ್ತೆ, ಹಾಗಾದ್ರೆ ಅದು ಬರ್ಮಾ ಮಾಣಿಕ್ಯವೇ ಅಂತ ಕೇಳಿದ್ದೀರಿ. ಇರಬಹುದು, ಆದರೆ ಹೊಳಪು ಒಂದನ್ನೇ ನಂಬಬೇಡಿ. ಆ ಕೆಂಪು ಬರುವುದು ಕ್ರೋಮಿಯಂನಿಂದ. ಬರ್ಮಾದ ಮೊಗೊಕ್‌ನಲ್ಲಿ ಮಾಣಿಕ್ಯ ಹುಟ್ಟಿದ್ದು ಅಮೃತಶಿಲೆಯಲ್ಲಿ. ಅಲ್ಲಿ ಕಬ್ಬಿಣದ ಅಂಶ ಕಡಿಮೆ, ಹಾಗಾಗಿ ಬಿಸಿಲಿನ ನೇರಳಾತೀತ ಕಿರಣ ಬಿದ್ದರೆ ಕಲ್ಲು ತಾನೇ ಕೆಂಪಾಗಿ ಬೆಳಗುತ್ತದೆ. ಥಾಯ್ಲೆಂಡಿನ ಕಲ್ಲುಗಳಲ್ಲಿ ಕಬ್ಬಿಣ ಜಾಸ್ತಿ, ಬಣ್ಣ ಸ್ವಲ್ಪ ಮಂಕು.

ತೊಂದರೆ ಏನಂದ್ರೆ, 1902ರಲ್ಲಿ ಫ್ರಾನ್ಸಿನ ವೆರ್ನೂಯಿ ಎಂಬಾತ ಮಾಣಿಕ್ಯ ತಯಾರಿಸುವ ವಿಧಾನವನ್ನು ಪ್ರಕಟಿಸಿದ. ಹಾಗೆ ತಯಾರಿಸಿದ ಕಲ್ಲು ಸಾಮಾನ್ಯವಾಗಿ ಗಣಿಯ ಕಲ್ಲಿಗಿಂತಲೂ ಚೆನ್ನಾಗಿ ಬೆಳಗುತ್ತದೆ! ಹಳೇ ಒಡವೆ ಅಂದ ಮಾತ್ರಕ್ಕೆ ಗಣಿಯ ಕಲ್ಲು ಅಂತಲೂ ಅಲ್ಲ.

ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿಯಲ್ಲಿ ನೋಡಿ. ಒಳಗೆ ಬಾಗಿದ ಗೆರೆ, ದುಂಡನೆಯ ಗುಳ್ಳೆ ಕಂಡರೆ ತಯಾರಿಸಿದ್ದು ಅಥವಾ ಗಾಜು. ರೇಷ್ಮೆ ಎಳೆಯಂಥ ಸೂಜಿಗಳು ಒಂದನ್ನೊಂದು ದಾಟಿದಂತೆ ಕಂಡರೆ ಒಳ್ಳೆ ಲಕ್ಷಣ. ಆಗ ರತ್ನ ಪರೀಕ್ಷೆಯ ಲ್ಯಾಬಿಗೆ ಕೊಡಿ. ಬ್ರಿಟಿಷ್ ಕಿರೀಟದ 'ಬ್ಲ್ಯಾಕ್ ಪ್ರಿನ್ಸ್ ರೂಬಿ' ಕೂಡ ಮಾಣಿಕ್ಯವಲ್ಲ, ಸ್ಪಿನೆಲ್ ಎಂಬ ಬೇರೆ ಜಾತಿಯ ಕೆಂಪು ಕಲ್ಲು. ಅರಮನೆಯವರೇ ಏಮಾರಿದ್ದಾರೆ, ಅಲ್ವಾ?