ಸೆಕ್ಯುರಿಟಿಯನ್ನು ಏಜೆನ್ಸಿಗೆ ಬಿಟ್ಟು ನಾನು ಸೇವೆ ಕಡೆ ಮಾತ್ರ ನೋಡಿಕೊಳ್ಳಬಹುದಾ?

ಇಲಾಖೆಯ ಸೇವೆಗಳೆಲ್ಲ ಆನ್‌ಲೈನ್‌ಗೆ ಹೋಗುತ್ತಿವೆ, ನೀವು ಯೋಜನೆಯ ಮುಖ್ಯಸ್ಥರು, ಟೆಕ್ನಿಕಲ್ ಹಿನ್ನೆಲೆ ಇಲ್ಲ. ಭದ್ರತೆಯನ್ನು ಏಜೆನ್ಸಿಗೆ ಒಪ್ಪಿಸೋದಾ, ಇಲ್ಲ ಒಳಗೇ ಒಬ್ಬ ಭದ್ರತಾ ಅಧಿಕಾರಿಯನ್ನು ನೇಮಿಸೋದಾ ಅಂತ ಕೇಳಿದ್ದೀರಿ. ನಾನೂ ಇದೇ ಕುರ್ಚಿಯಲ್ಲಿ ಕೂತಿದ್ದೆ. ಏಜೆನ್ಸಿಗೆ ಒಪ್ಪಿಸಿದೆ.

ನಮ್ಮದು ಅರ್ಜಿ ಹಾಕುವ ಪೋರ್ಟಲ್. ಮೊಬೈಲ್ ನಂಬರ್ ಹಾಕಿ, ಓಟಿಪಿ ಕೊಟ್ಟು ಒಳಗೆ ಬಂದು, ದಾಖಲೆ ಅಪ್‌ಲೋಡ್ ಮಾಡಿ, ಅರ್ಜಿ ಯಾರ ಮೇಜಿನ ಮೇಲಿದೆ ಅಂತ ನೋಡಬಹುದು. ಬಿಡುಗಡೆಗೆ ಮುಂಚೆ ಸೆಕ್ಯುರಿಟಿ ಆಡಿಟ್ ಆಯ್ತು. ರಿಪೋರ್ಟ್‌ನಲ್ಲಿ ಸಣ್ಣಪುಟ್ಟದ್ದು ಬೇಕಾದಷ್ಟಿತ್ತು, ‘ಹೈ’, ಅಂದರೆ ಅಪಾಯ ಹೆಚ್ಚು, ಅಂತ ಗುರುತು ಮಾಡಿದ್ದು ಒಂದೇ. ಲಾಗಿನ್ ಆದವರು ಬ್ರೌಸರ್‌ನ ವಿಳಾಸದಲ್ಲಿ ಕಾಣುವ ಅರ್ಜಿ ಸಂಖ್ಯೆಯ ಕೊನೆಯ ಅಂಕಿ ಬದಲಿಸಿದರೆ ಇನ್ನೊಬ್ಬರ ಅರ್ಜಿ ತೆರೆದುಕೊಳ್ಳುತ್ತದೆ. ದಾಖಲೆಗಳ ಸಮೇತ.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಆ ಹೊತ್ತಿಗೆ ನನಗೆ ಯಾರೂ ಹೀಗೆ ಹೇಳಿರಲಿಲ್ಲ. ಓಟಿಪಿ ಕೇಳುವುದು ‘ನೀನು ಯಾರು’ ಅಂತ. ‘ಈ ಕಾಗದ ನಿನ್ನದಾ’ ಅನ್ನುವುದು ಬೇರೆಯೇ ಪ್ರಶ್ನೆ. ನಮ್ಮ ಸರ್ವರ್ ಮೊದಲನೆಯದನ್ನು ಬಾಗಿಲಲ್ಲಿ ಒಂದು ಸಲ ಕೇಳಿ ಸುಮ್ಮನಾಗುತ್ತಿತ್ತು. ಎರಡನೆಯದನ್ನು ಕೇಳುತ್ತಲೇ ಇರಲಿಲ್ಲ. ಅದನ್ನು ಪ್ರತಿ ಪುಟಕ್ಕೂ, ಪ್ರತಿ ಫೈಲಿಗೂ ಕೇಳಲೇಬೇಕು. ಇದೇನು ಅಪರೂಪದ ದೋಷವಲ್ಲ. ವೆಬ್ ಭದ್ರತೆಯವರು ನೋಡುವ ಓವಾಸ್ಪ್ ಟಾಪ್ 10 ಪಟ್ಟಿಯಲ್ಲಿ ಈ ಜಾತಿಯ ದೋಷ 2017ರಲ್ಲಿ ಐದನೇ ಸ್ಥಾನದಲ್ಲಿತ್ತು, 2021ರಲ್ಲಿ ಮೊದಲನೆಯದಾಯಿತು. ಹ್ಯಾಕಿಂಗ್ ಕಲಿತಿರಬೇಕಾಗಿಲ್ಲ, ಅಂಕಿ ಎಣಿಸಲು ಬಂದರೆ ಸಾಕು.

ಸರಿಪಡಿಸೋಕೆ ಎಷ್ಟು ದಿನ ಬೇಕು ಅಂತ ಏಜೆನ್ಸಿಯವರನ್ನು ಕೇಳಿದೆ. ಉದ್ಘಾಟನೆ ಮುಂದಕ್ಕೆ ಹೋಗುತ್ತದೆ ಅಂದರು. ಆಮಂತ್ರಣ ಹೋಗಿಯಾಗಿತ್ತು. ‘ಯಾರು ಸರ್ ಹೋಗಿ ನಂಬರ್ ಬದಲಾಯಿಸಿ ನೋಡ್ತಾರೆ’ ಅಂತಲೂ ಅಂದರು. ಮುಂದೆ ಸಂಖ್ಯೆಯನ್ನು ಉದ್ದ ಮಾಡುತ್ತೇವೆ, ಊಹಿಸಲು ಆಗದ ಹಾಗೆ ಮಾಡುತ್ತೇವೆ ಅಂತ ಸಮಾಧಾನ ಹೇಳಿದರು. (ಅದೂ ತಪ್ಪು ಉತ್ತರವೇ. ಸಂಖ್ಯೆ ಎಷ್ಟೇ ಉದ್ದವಿರಲಿ, ಆ ಲಿಂಕ್ ಯಾರಿಗೋ ಫಾರ್ವರ್ಡ್ ಆದರೆ ಕಥೆ ಅಷ್ಟೇ.) ರಿಪೋರ್ಟ್ ಜೊತೆ ಒಂದು ಫಾರಂ ಇತ್ತು. ‘ಅಪಾಯವನ್ನು ಒಪ್ಪಿಕೊಳ್ಳಲಾಗಿದೆ.’ ಹೆಸರು, ಕಾರಣ, ಯಾವಾಗ ಸರಿಪಡಿಸಲಾಗುವುದು. ಕೊನೆಯ ಕಾಲಂನಲ್ಲಿ ‘ಮುಂದಿನ ಹಂತದಲ್ಲಿ’ ಅಂತ ಬರೆದು ಸಹಿ ಹಾಕಿದೆ. ಮುಂದಿನ ಹಂತಕ್ಕೆ ತಾರೀಕೇ ಇರಲಿಲ್ಲ.

ಆ ಸಹಿಯ ಬಗ್ಗೆ ಆಮೇಲೆ ಬಹಳ ಯೋಚಿಸಿದ್ದೇನೆ. ಅವಸರ, ಒತ್ತಡ ಎಲ್ಲ ಇತ್ತು, ಸರಿ. ಆದರೆ ಅಸಲಿ ತೊಂದರೆ ಬೇರೆ. ಒಪ್ಪಿಕೊಳ್ಳೋಕೆ ಆ ಅಪಾಯ ನನ್ನದಾಗಿರಲೇ ಇಲ್ಲ. ಹೊರಗೆ ಬೀಳಬಹುದಾಗಿದ್ದದ್ದು ಅರ್ಜಿದಾರರ ವಿಳಾಸ, ಹುಟ್ಟಿದ ದಿನ, ಆದಾಯ, ಕಾಯಿಲೆಯ ಸರ್ಟಿಫಿಕೇಟ್. ಪಾಸ್‌ವರ್ಡ್ ಹೋದರೆ ಬದಲಿಸಬಹುದು, ಹುಟ್ಟಿದ ದಿನ ಬದಲಿಸೋಕೆ ಆಗುತ್ತಾ? ಅಂಗಡಿ ಮೇಲೆ ನಂಬಿಕೆ ಹೋದರೆ ಇನ್ನೊಂದು ಅಂಗಡಿಗೆ ಹೋಗಬಹುದು. ಸರ್ಕಾರಿ ಸೇವೆಗೆ ಇನ್ನೊಂದು ಬಾಗಿಲಿಲ್ಲ. ಅವರು ಬೇರೆ ದಾರಿಯಿಲ್ಲದೆ ಕೊಟ್ಟಿದ್ದನ್ನು ನಾನು ಅವರ ಪರವಾಗಿ, ಅವರನ್ನು ಕೇಳದೆ, ಪಣಕ್ಕಿಟ್ಟಿದ್ದೆ.

ಮುಂದೆ ಆಗಿದ್ದು ನೀವು ಊಹಿಸಿದ ಹಾಗೇ. ಯಾರೋ ಒಬ್ಬರು ಗಮನಿಸಿ ಹೆಲ್ಪ್‌ಡೆಸ್ಕ್‌ಗೆ ಬರೆದರು. ಒಳ್ಳೆಯ ಮನುಷ್ಯ, ಸ್ಕ್ರೀನ್‌ಶಾಟ್ ಕೂಡ ಹಾಕಿದ್ದರು. ‘ಬ್ರೌಸರ್ ಕ್ಯಾಶ್ ಕ್ಲಿಯರ್ ಮಾಡಿ ಮತ್ತೆ ಪ್ರಯತ್ನಿಸಿ’ ಅಂತ ಉತ್ತರ ಕೊಟ್ಟು ಟಿಕೆಟ್ ಮುಚ್ಚಿದರು. ಸ್ವಲ್ಪ ದಿನದಲ್ಲಿ ಆ ಸ್ಕ್ರೀನ್‌ಶಾಟ್ ಎಲ್ಲರ ಮೊಬೈಲ್‌ನಲ್ಲಿತ್ತು.

ಅವತ್ತು ಪೋರ್ಟಲ್ ನಿಲ್ಲಿಸಬೇಕು ಅನ್ನೋದು ಎಲ್ಲರಿಗೂ ಗೊತ್ತಿತ್ತು. ನಿಲ್ಲಿಸುವವರು ಯಾರು? ಏಜೆನ್ಸಿಗೆ ಲಿಖಿತ ಆದೇಶ ಬೇಕು. ಆದೇಶ ಕೊಡೋಕೆ ನನಗೆ ಮೇಲಿನವರ ಒಪ್ಪಿಗೆ ಬೇಕು. ಮೇಲಿನವರು ಸಭೆಯಲ್ಲಿದ್ದರು, ಪತ್ರಿಕಾ ಹೇಳಿಕೆ ತಯಾರಾಗಲಿ ಆಮೇಲೆ ನೋಡೋಣ ಅಂದರು. ಸರ್ವರ್ ನೋಡಿಕೊಳ್ಳುವವರ ಗುತ್ತಿಗೆಯೇ ಬೇರೆ, ಅವರಿಗೆ ನಮ್ಮ ಏಜೆನ್ಸಿ ಹೇಳಿದರೆ ನಡೆಯುವುದಿಲ್ಲ. ನಾವು ಒಬ್ಬರಿಗೊಬ್ಬರು ಫೋನ್ ಮಾಡುತ್ತಾ ಇದ್ದ ಅಷ್ಟೂ ಹೊತ್ತು ಜನರ ಕಾಗದಗಳು ಬೀದಿಯಲ್ಲಿದ್ದವು.

ಕೊನೆಗೆ ನಿಲ್ಲಿಸಿದೆವು. ಯಾರ ಕಾಗದ ಯಾರು ನೋಡಿದ್ದಾರೆ ಅಂತ ಲಾಗ್ (ಯಾರು ಯಾವಾಗ ಏನು ತೆರೆದರು ಅನ್ನುವ ಸರ್ವರ್‌ನ ದಾಖಲೆ) ತೆಗೆಯೋಕೆ ಹೋದರೆ, ಡಿಸ್ಕ್ ಉಳಿಸೋಕೆ ಹಳೆಯದನ್ನೆಲ್ಲ ಅಳಿಸುತ್ತಿದ್ದರು. ಅಂದರೆ ಯಾರದ್ದು ಹೋಗಿಲ್ಲ ಅಂತ ಹೇಳಲು ಸಾಧ್ಯವೇ ಇರಲಿಲ್ಲ. ಎಲ್ಲ ಅರ್ಜಿದಾರರಿಗೂ ತಿಳಿಸಬೇಕಾಯಿತು. ಯೋಜನೆ ನನ್ನ ಕೈಬಿಟ್ಟು ಹೋಯಿತು, ಅದು ನ್ಯಾಯವೇ.

ಹೇಳಿಕೆಯಲ್ಲಿ ಮಾತ್ರ ‘ಕಿಡಿಗೇಡಿಗಳ ಸೈಬರ್ ದಾಳಿ’ ಅಂತ ಬಂತು. ಈ ಚಾಳಿ ನಮ್ಮದೊಂದೇ ಅಲ್ಲ. 2018ರಲ್ಲಿ ಕೆನಡಾದ ನೋವಾ ಸ್ಕೋಷಿಯಾದಲ್ಲಿ ಮಾಹಿತಿ ಹಕ್ಕಿನ ಪೋರ್ಟಲ್‌ನಿಂದ 19 ವರ್ಷದ ಹುಡುಗನೊಬ್ಬ ವಿಳಾಸದ ಸಂಖ್ಯೆ ಬದಲಿಸುತ್ತಾ ಸುಮಾರು 7,000 ದಾಖಲೆ ಇಳಿಸಿಕೊಂಡಿದ್ದ. ಅದರಲ್ಲಿ ಜನರ ಖಾಸಗಿ ವಿವರಗಳೂ ಇದ್ದವು. ಪೊಲೀಸರು ಮನೆಗೆ ನುಗ್ಗಿ ಬಂಧಿಸಿದರು. ಮರುತಿಂಗಳು ಕೇಸು ಕೈಬಿಟ್ಟರು. ಪೋರ್ಟಲ್ ತೆರೆಯುವ ಮುಂಚೆ ಸರ್ಕಾರವೇ ಸರಿಯಾಗಿ ಪರೀಕ್ಷಿಸಿರಲಿಲ್ಲ ಅಂತ ಆಮೇಲೆ ತನಿಖೆ ಹೇಳಿತು.

ಹಾಗಾಗಿ ನಿಮ್ಮ ‘ಏಜೆನ್ಸಿಯೋ, ಅಧಿಕಾರಿಯೋ’ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಇಬ್ಬರನ್ನೂ ಇಟ್ಟುಕೊಳ್ಳಿ, ದುಡ್ಡಿದ್ದರೆ ಇನ್ನೂ ನಾಲ್ವರನ್ನು ಇಟ್ಟುಕೊಳ್ಳಿ. ಕೆಲಸ ಬೇರೆಯವರಿಗೆ ಕೊಡಬಹುದು. ನಿಲ್ಲಿಸು ಅನ್ನುವ ಅಧಿಕಾರ ಒಳಗೇ, ಒಬ್ಬರದೇ ಹೆಸರಿನಲ್ಲಿ ಇರಬೇಕು. ಐರ್ಲೆಂಡಿನ ಆರೋಗ್ಯ ಸೇವೆಯ ಮೇಲೆ 2021ರ ಮೇ ತಿಂಗಳಲ್ಲಿ ರಾನ್ಸಮ್‌ವೇರ್ ದಾಳಿ (ಫೈಲ್‌ಗಳಿಗೆ ಬೀಗ ಹಾಕಿ ದುಡ್ಡು ಕೇಳುವುದು) ಆಯ್ತಲ್ವಾ, ಅದು ಶುರುವಾಗಿದ್ದು ಮಾರ್ಚ್‌ನಲ್ಲಿ ಯಾರೋ ತೆರೆದ ಒಂದು ಎಕ್ಸೆಲ್ ಫೈಲಿನಿಂದ. ನಡುವೆ ಎಚ್ಚರಿಕೆಗಳು ಬಂದಿದ್ದವು. ಆಮೇಲಿನ ವರದಿ ಹೇಳಿದ ಒಂದು ಮಾತು ನನಗೆ ಚುಚ್ಚಿತು: ಸೈಬರ್ ಭದ್ರತೆಗೆ ಹೊಣೆಯಾದ ಒಬ್ಬ ವ್ಯಕ್ತಿ ಹಿರಿಯ ಮಟ್ಟದಲ್ಲಿ ಇರಲೇ ಇಲ್ಲ.

ಇನ್ನೊಂದು ಕಡೆ ಎಸ್ಟೋನಿಯಾ ನೋಡಿ. 13 ಲಕ್ಷ ಜನರ ದೇಶ, ಗುರುತಿನ ಚೀಟಿಯ ಚಿಪ್‌ನಲ್ಲೇ ಸಹಿ, ಮತದಾನ ಎಲ್ಲ ನಡೆಯುತ್ತದೆ. 2017ರಲ್ಲಿ ಆ ಚಿಪ್‌ನಲ್ಲೇ ದೋಷ ಅಂತ ಸಂಶೋಧಕರು ತಿಳಿಸಿದರು. ಸುಮಾರು 7.5 ಲಕ್ಷ ಚೀಟಿಗಳು. ಒಂದೂವರೆ ತಿಂಗಳಲ್ಲೇ ಸ್ಥಳೀಯ ಚುನಾವಣೆ. ಮುಚ್ಚಿಡೋಕೆ ಎಲ್ಲ ಕಾರಣವೂ ಇತ್ತು. ಆದರೂ ಕೆಲವೇ ದಿನದಲ್ಲಿ ಪ್ರಧಾನಿಯೇ ಪತ್ರಕರ್ತರ ಮುಂದೆ ಕೂತು ಹೇಳಿದರು. ನವೆಂಬರ್‌ನಲ್ಲಿ ಆ ಚೀಟಿಗಳ ಡಿಜಿಟಲ್ ಸರ್ಟಿಫಿಕೇಟ್‌ಗಳನ್ನು (ಆನ್‌ಲೈನ್ ಗುರುತು, ಸಹಿ ನಡೆಯುವುದೇ ಇವುಗಳ ಮೇಲೆ) ಅಮಾನತು ಮಾಡಿ, ಅಪ್‌ಡೇಟ್ ಮಾಡಿಕೊಂಡರೆ ಮಾತ್ರ ಕೆಲಸ ಮಾಡುವ ಹಾಗೆ ಮಾಡಿದರು. ಪ್ರಧಾನಿಗೆ ಕ್ರಿಪ್ಟೋಗ್ರಫಿ ಗೊತ್ತಿರಬೇಕಾಗಿರಲಿಲ್ಲ. ನಿಮಗೂ ಟೆಕ್ನಿಕಲ್ ಹಿನ್ನೆಲೆ ಇಲ್ಲ ಅನ್ನೋದು ಅಷ್ಟು ದೊಡ್ಡ ವಿಷಯವಲ್ಲ, ಅದರ ಹಿಂದೆ ಅಡಗಿಕೊಳ್ಳಬೇಡಿ ಅಷ್ಟೇ.

ನಿಮ್ಮ ಜಾಗದಲ್ಲಿ ನಾನಿದ್ದಿದ್ದರೆ ಪೋರ್ಟಲ್ ತೆರೆಯುವ ಮುಂಚೆ ಅದನ್ನು ಒಂದು ಸಲ ಮುಚ್ಚಿ ನೋಡುತ್ತಿದ್ದೆ. ತಮಾಷೆಗಲ್ಲ. ಕೆಲಸದ ದಿನವೇ, ಯಾರಿಗೂ ಹೇಳದೆ, ‘ಈಗ ನಿಲ್ಲಿಸಿ’ ಅಂತ ಫೋನ್ ಮಾಡಿ. ಎಷ್ಟು ಹೊತ್ತು ಹಿಡಿಯುತ್ತದೆ, ಯಾರು ಯಾರ ಒಪ್ಪಿಗೆ ಕೇಳುತ್ತಾರೆ, ಆ ಹೊತ್ತಿನಲ್ಲಿ ಕೌಂಟರ್‌ಗೆ ಬಂದವರ ಅರ್ಜಿಯನ್ನು ಕಾಗದದ ಮೇಲೆ ತೆಗೆದುಕೊಳ್ಳೋಕೆ ಯಾರಿಗಾದರೂ ಬರುತ್ತಾ, ಎಲ್ಲ ಗೊತ್ತಾಗುತ್ತದೆ. ‘ಹೈ’ ಇದ್ದರೆ ತೆರೆಯಬೇಡಿ. ಉದ್ಘಾಟನೆ ಮುಂದೆ ಹಾಕಿದರೆ ಒಂದು ದಿನ ಬೈಸಿಕೊಳ್ಳುತ್ತೀರಿ.

ಗುತ್ತಿಗೆ ಇನ್ನೂ ಸಹಿ ಆಗಿಲ್ಲ ಅಂತ ಪ್ರಶ್ನೆಯಲ್ಲಿ ಬರೆದಿದ್ದೀರಿ. ಹಾಗಾದರೆ ಲಾಗ್ ಎಷ್ಟು ಕಾಲ ಇಡಬೇಕು, ಅದು ಯಾರ ಸ್ವತ್ತು, ಆಡಿಟ್‌ನಲ್ಲಿ ಸಿಕ್ಕಿದ್ದನ್ನು ಸರಿಪಡಿಸುವ ಖರ್ಚು ಯಾರದು, ಈ ಮೂರನ್ನೂ ಈಗಲೇ ಬರೆಸಿಕೊಳ್ಳಿ. ಸಹಿ ಆದಮೇಲೆ ಕೇಳಿದರೆ ಪ್ರತಿಯೊಂದಕ್ಕೂ ಬೇರೆ ಕೊಟೇಶನ್ ಬರುತ್ತದೆ. ಹೆಲ್ಪ್‌ಡೆಸ್ಕ್‌ನವರಿಗೂ ಒಂದು ನಂಬರ್ ಕೊಡಿ, ‘ಬೇರೆಯವರ ಮಾಹಿತಿ ಕಾಣ್ತಿದೆ’ ಅಂತ ಯಾರು ಹೇಳಿದರೂ ಟಿಕೆಟ್ ಮುಚ್ಚದೆ ನೇರ ನಿಮಗೇ ಫೋನ್ ಮಾಡಲಿ, ರಾತ್ರಿಯಾದರೂ ಸರಿ.